ಹಾರ್ಮೋನಿನ ಅಂಕಿ ಇಳಿದರೆ ಗಾಬರಿ ಬೇಕೇ?

ಗಲ್ಫ್‌ನಲ್ಲಿ ದುಡಿಯುವ ನಮ್ಮಲ್ಲಿ ಹಲವರ ಹೆಂಡತಿಯರು ಬಸಿರು, ಬಾಣಂತನವನ್ನೆಲ್ಲ ಊರಲ್ಲೇ ಕಳೆಯುತ್ತಾರೆ. ಲ್ಯಾಬ್ ರಿಪೋರ್ಟ್ ಮಾತ್ರ ವಾಟ್ಸ್‌ಆ್ಯಪ್‌ನಲ್ಲಿ ಇಲ್ಲಿಗೆ ಬರುತ್ತದೆ. ಆಸ್ಪತ್ರೆಯ ಫಾರ್ಮಸಿಯಲ್ಲಿರುವ ನಮ್ಮ ಬಳಿ ಮೊಬೈಲ್ ಹಿಡಿದು ಬರುವವರು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಅಣ್ಣಾ, ಹೋದ ಸಲಕ್ಕಿಂತ ನಂಬರ್ ಕಡಿಮೆ ಇದೆ. ಮಗುವಿಗೆ ಏನೂ ಆಗಿಲ್ಲ ಅಲ್ವಾ?"

ಆ ನಂಬರ್ ಸಾಮಾನ್ಯವಾಗಿ ಎಚ್‌ಸಿಜಿ ಹಾರ್ಮೋನಿನದು. ಬಸಿರಿನ ಮೊದಲ ವಾರಗಳಲ್ಲಿ ಇದು ಎರಡು–ಮೂರು ದಿನಕ್ಕೊಮ್ಮೆ ಸುಮಾರು ದುಪ್ಪಟ್ಟಾಗುತ್ತದೆ. ಕೊನೆಯ ಮುಟ್ಟಿನಿಂದ ಲೆಕ್ಕ ಹಿಡಿದರೆ 8ರಿಂದ 11ನೇ ವಾರದ ಹೊತ್ತಿಗೆ ತುದಿ ಮುಟ್ಟಿ, ಆಮೇಲೆ ತಾನಾಗಿ ಇಳಿಯುತ್ತದೆ. ಅನೇಕರಿಗೆ ವಾಂತಿ, ವಾಕರಿಕೆ ಕಡಿಮೆಯಾಗುವುದೂ ಇದಾದ ಮೇಲೆಯೇ.

ಇಳಿಯಲು ಕಾರಣವಿದೆ. ಗರ್ಭ ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ಮೊದಲು ಅಂಡಾಶಯದಿಂದ ಬರುತ್ತದೆ. ಅದನ್ನು ನಿಲ್ಲದಂತೆ ನೋಡಿಕೊಳ್ಳುವುದು ಎಚ್‌ಸಿಜಿಯ ಕೆಲಸ. 8–10 ವಾರಕ್ಕೆ ಮಾಸು ಆ ಹೊಣೆ ಹೊರುತ್ತದೆ. ಆಮೇಲೆ ಪ್ರೊಜೆಸ್ಟರಾನ್, ಈಸ್ಟ್ರೊಜನ್ ಎರಡೂ ಹೆರಿಗೆಯ ಹೊತ್ತಿನವರೆಗೆ ಏರುತ್ತಲೇ ಹೋಗುತ್ತವೆ. ಎದೆಯುರಿ, ಮಲಬದ್ಧತೆ ಕಾಡುವುದು ಬಹುಮಟ್ಟಿಗೆ ಪ್ರೊಜೆಸ್ಟರಾನಿನಿಂದ.

ಮಾಸಿನ ಹಾರ್ಮೋನುಗಳು ಇನ್ಸುಲಿನ್ನಿನ ಪ್ರಭಾವವನ್ನೂ ತಗ್ಗಿಸುತ್ತವೆ. ಆದ್ದರಿಂದಲೇ 24–28 ವಾರದಲ್ಲಿ ಸಕ್ಕರೆ ಪರೀಕ್ಷೆ, ಅದನ್ನು ತಪ್ಪಿಸಬಾರದು. ಹಾಲು ತರುವ ಪ್ರೊಲ್ಯಾಕ್ಟಿನ್ ತಿಂಗಳುಗಟ್ಟಲೆ ಏರಿದ್ದರೂ, ಮಾಸು ಹೊರಬಿದ್ದು ಪ್ರೊಜೆಸ್ಟರಾನ್ ಕುಸಿದ ಮೇಲೆಯೇ ಹಾಲು ತುಂಬಿ ಬರುತ್ತದೆ. ಅದಕ್ಕೆ ಎರಡು–ನಾಲ್ಕು ದಿನ ಬೇಕು. ಅಲ್ಲಿಯವರೆಗೆ ಬರುವ ದಪ್ಪನೆಯ ಗಿಣ್ಣುಹಾಲೇ ಮಗುವಿಗೆ ಸಾಕು.

ಇನ್ನೊಂದು ಮಾತು. 11–13 ವಾರದ ಡಬಲ್ ಮಾರ್ಕರ್ ರಿಪೋರ್ಟ್‌ನಲ್ಲಿರುವ ಎಚ್‌ಸಿಜಿಯ ಅಳತೆಯೇ ಬೇರೆ. ಹಳೆಯ ರಿಪೋರ್ಟ್ ಪಕ್ಕದಲ್ಲಿಟ್ಟು ಹೋಲಿಸಬೇಡಿ. ಎಷ್ಟನೇ ವಾರ, ಸ್ಕ್ಯಾನ್‌ನಲ್ಲಿ ಮಗುವಿನ ಎದೆಬಡಿತ ಹೇಗಿದೆ ಎಂದು ಮೊದಲು ಕೇಳಿ.

ಆದರೆ ಆರಂಭದ ವಾರಗಳಲ್ಲೇ ಎಚ್‌ಸಿಜಿ ಇಳಿದರೆ ವೈದ್ಯರು ನೋಡಲೇಬೇಕು. ರಕ್ತಸ್ರಾವ, ತೀವ್ರ ಹೊಟ್ಟೆನೋವು, ಮುಂದಿನ ತಿಂಗಳುಗಳಲ್ಲಿ ಜೋರು ತಲೆನೋವು, ಕಣ್ಣು ಮಂಜಾಗುವುದು, ಮಗುವಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ನಮ್ಮ ಫೋನಿಗೆ ಕಾಯದೆ ಆಸ್ಪತ್ರೆಗೆ ಹೋಗಲು ಮನೆಯವರಿಗೆ ಇಂದೇ ಹೇಳಿಡೋಣ. ನಂಬರ್ ನೋಡಿ ಇಲ್ಲಿಂದ ಹಾರ್ಮೋನ್ ಮಾತ್ರೆ ಕಳಿಸುವುದು ಬೇಡ. ವೈದ್ಯರು ಬರೆದುಕೊಟ್ಟದ್ದನ್ನು ನಾವಾಗಿ ನಿಲ್ಲಿಸುವುದೂ ಬೇಡ.