ಬೆಂಗಳೂರಿನ ಹಳೆಯ ಬಡಾವಣೆಯ ಮನೆ: ಅದರ ವಾಸ್ತುಮೌಲ್ಯ ವಿಚಾರ

ಶಿಲಾಶಾಸನ, ದೇವಾಲಯ, ಕೋಟೆಕೊತ್ತಲ ಮುಂತಾದುವನ್ನು ಕಾಪಾಡತಕ್ಕದ್ದೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ವಕೀಲರೂ ಉಪಾಧ್ಯಾಯರೂ ಸರಕಾರದ ನೌಕರರೂ ಸಂಸಾರಸಮೇತರಾಗಿ ವಾಸಮಾಡಿದ ಮನೆಯ ವಿಷಯದಲ್ಲಿ ಮಾತ್ರ ಇಂಥ ಒಮ್ಮತವು ಕಾಣಬರುವುದಿಲ್ಲ. ಚಾರಿತ್ರಿಕವಾದ ಅಥವಾ ಕಲಾಸಂಬಂಧವಾದ ಮಹತ್ತ್ವವುಳ್ಳ ಕಟ್ಟಡಕ್ಕೆ ನೂರು ವರ್ಷ ತುಂಬಿದ್ದರೆ ಅದನ್ನು ಪ್ರಾಚೀನ ಸ್ಮಾರಕವೆಂದು ಎಣಿಸಲು ಕೇಂದ್ರಸರಕಾರದ ೧೯೫೮ರ ಕಾಯಿದೆಯು ಅವಕಾಶವನ್ನು ಕೊಡುತ್ತದೆ. ಬಸವನಗುಡಿ, ಮಲ್ಲೇಶ್ವರಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಎದ್ದ ಮನೆಗಳು ಈ ವಯಸ್ಸನ್ನು ದಾಟಿವೆ. ಆದರೆ ವಯಸ್ಸೊಂದೇ ಯೋಗ್ಯತೆಯಲ್ಲ. ಈ ಮನೆಗಳಲ್ಲಿ ಉಳಿಸಿಕೊಳ್ಳಬೇಕಾದದ್ದು ಯಾವುದು ಎಂಬುದನ್ನು ಮೊದಲು ನಿಶ್ಚಯಿಸಬೇಕಾಗಿದೆ.

ಪೇಟೆಯ ಹೊರಗೆ ಕ್ರಮವಾಗಿ ಗೆರೆಯೆಳೆದು ಕಟ್ಟಿದ ಚಾಮರಾಜಪೇಟೆಯು ೧೮೯೨ರಷ್ಟು ಹಿಂದಿನದು. ಆದರೂ ಬಡಾವಣೆಗಳು ವೇಗವಾಗಿ ಬೆಳೆದದ್ದು ೧೮೯೮ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ. ಪೇಟೆ ಮತ್ತು ದಂಡು ಎರಡನ್ನೂ ಸೇರಿಸಿ ೧೮೯೧ರ ಜನಗಣತಿಯಲ್ಲಿ ೧,೮೦,೩೬೬ ಇದ್ದ ಜನಸಂಖ್ಯೆಯು ೧೯೦೧ರಲ್ಲಿ ೧,೫೯,೦೪೬ಕ್ಕೆ ಇಳಿಯಿತು. ಇವರಲ್ಲಿ ಮಡಿದವರೆಷ್ಟು, ಊರು ಬಿಟ್ಟವರೆಷ್ಟು ಎಂಬುದು ಬೇರೆ ವಿಚಾರ. ಗೋಡೆಗೆ ಗೋಡೆ ತಗುಲಿದ ಪೇಟೆಯ ಮನೆಗಳಲ್ಲಿ ಗಾಳಿಬೆಳಕು ಸಾಲದೆಂಬುದು ಆಗಿನ ವೈದ್ಯರ ಆಕ್ಷೇಪಣೆಗಳಲ್ಲಿ ಮುಖ್ಯವಾದದ್ದು. ಆದಕಾರಣ ಹೊಸ ಬಡಾವಣೆಯಲ್ಲಿ ರಸ್ತೆಗಳನ್ನು ನೇರವಾಗಿಯೂ ಅಗಲವಾಗಿಯೂ ಎಳೆದು, ಒಂದೊಂದು ನಿವೇಶನದಲ್ಲಿ ಒಂದೊಂದು ಮನೆಯು ನಾಲ್ಕು ಕಡೆಗೂ ತೆರವು ಬಿಟ್ಟುಕೊಂಡು ನಿಲ್ಲುವಂತೆ ಏರ್ಪಾಡಾಯಿತು. ಇಂದು ಅಂಗಳದ ಸೊಬಗೆಂದು ಮೆಚ್ಚುವ ತೆರವು ಅಂದು ಔಷಧದ ಸ್ಥಾನದಲ್ಲಿತ್ತು.

ಹೀಗೆ ನಾಲ್ಕು ಕಡೆಯೂ ಬಯಲಿರುವ ಮನೆಯನ್ನು ಕಟ್ಟುವುದು ಪೇಟೆಯ ಗೃಹಸ್ಥನಿಗೆ ಹೊಸ ಸಮಸ್ಯೆ. ಅವನ ಮುಂದೆ ಎರಡು ಮಾದರಿಗಳಿದ್ದುವು. ಒಂದು, ತನ್ನದೇ ಆದ ತೊಟ್ಟಿಮನೆ: ಬೀದಿಗೆ ಗೋಡೆಯನ್ನು ತೋರಿಸಿ ನಡುವಣ ತೊಟ್ಟಿಯಿಂದ ಆಕಾಶವನ್ನು ನೋಡತಕ್ಕದ್ದು. ಮತ್ತೊಂದು, ೧೮೦೯ರಲ್ಲಿ ಸ್ಥಾಪಿತವಾದ ದಂಡಿನಲ್ಲಿ ಇಂಗ್ಲಿಷರು ಕಟ್ಟಿಕೊಂಡ ಬಂಗಲೆ: ತೋಟದ ನಡುವೆ ನಿಂತು ಸುತ್ತಲೂ ಹೊರಕ್ಕೆ ನೋಡತಕ್ಕದ್ದು. ಬಂಗಲೆಯೆಂಬ ಹೆಸರು ಬಂಗಾಳದ ಗುಡಿಸಲಿನಿಂದ ಬಂದದ್ದಾದುದರಿಂದ ಆ ಮಾದರಿಯೂ ಪೂರ್ತಿಯಾಗಿ ಪರದೇಶದ್ದಲ್ಲ. ಬಡಾವಣೆಯ ಮನೆಯು ಈ ಎರಡರಲ್ಲಿ ಒಂದನ್ನು ಆರಿಸಲಿಲ್ಲ. ಮುಂಭಾಗದಲ್ಲಿ ಬಂಗಲೆಯಾಗಿ, ಹಿಂಭಾಗದಲ್ಲಿ ತೊಟ್ಟಿಮನೆಯಾಗಿ ಉಳಿಯಿತು.

ಗೇಟಿನಿಂದ ಹಿತ್ತಿಲವರೆಗೆ ನಡೆದರೆ ಈ ಸಂಧಿಯು ಸ್ಪಷ್ಟವಾಗುತ್ತದೆ. ದಾರಿಹೋಕರೂ ಕುಳಿತೇಳುತ್ತಿದ್ದ ಬೀದಿಯ ಜಗಲಿಯು ಕಾಂಪೌಂಡಿನ ಒಳಕ್ಕೆ ಸರಿದು, ಕಂಬ ಜಾಫ್ರಿಗಳುಳ್ಳ ವರಾಂಡವಾಯಿತು. ಅದರ ಪಕ್ಕದಲ್ಲಿ ಹೊರಗಿನಿಂದಲೇ ಬಾಗಿಲುಳ್ಳ ಒಂದು ಕೋಣೆ. ಕಕ್ಷಿಗಾರನೋ ಅಧಿಕಾರಿಯೋ ಬಂದರೆ ಅಲ್ಲಿಂದಲೇ ಹಿಂದಿರುಗುವನು. ಆಫೀಸು ಕೋಣೆಯೆಂಬ ಈ ಭಾಗಕ್ಕೆ ಪೇಟೆಯ ಮನೆಯಲ್ಲಿ ಪ್ರತಿರೂಪವಿಲ್ಲ. ಸಂಬಳದ ಉದ್ಯೋಗವೂ ಇಂಗ್ಲಿಷ್ ವಿದ್ಯೆಯೂ ಮನೆಯಲ್ಲಿ ತಮಗೊಂದು ಸ್ಥಳವನ್ನು ಕೇಳಿದುದಕ್ಕೆ ಅದು ಸಾಕ್ಷಿ. ಒಳಗಿನ ಹಜಾರವು ಅನೇಕ ಮನೆಗಳಲ್ಲಿ ಮಾಡು ಮುಚ್ಚಿದ ತೊಟ್ಟಿಯೇ ಸರಿ: ಕೋಣೆಗಳು ಅದರ ಸುತ್ತಲೂ ಇವೆ, ಬೆಳಕು ಅದರ ಎತ್ತರವಾದ ಗೋಡೆಯ ಮೇಲಣ ಬೆಳಕಿಂಡಿಗಳಿಂದ ಇಳಿಯುತ್ತದೆ. ಇನ್ನೂ ಮುಖ್ಯವಾದದ್ದು ಅಡಿಗೆಯ ಮನೆ. ದಂಡಿನ ಬಂಗಲೆಯಲ್ಲಿ ಅಡಿಗೆಯು ಹೊರಗಿನ ಕೊಟ್ಟಿಗೆಯಲ್ಲಿ, ಆಳುಗಳ ಕೈಯಲ್ಲಿ ನಡೆಯುತ್ತಿತ್ತು. ಬಡಾವಣೆಯ ಗೃಹಸ್ಥನು ಬಂಗಲೆಯ ಮುಖವನ್ನು ತೆಗೆದುಕೊಂಡರೂ ಈ ಪದ್ಧತಿಯನ್ನು ತೆಗೆದುಕೊಳ್ಳಲಿಲ್ಲ. ಅಡಿಗೆಯು ಮನೆಯ ಒಳಗೆ, ಅತ್ಯಂತ ಹಿಂದೆ, ದೇವರ ಕೋಣೆಗೆ ಹೊಂದಿಕೊಂಡು ನಿಂತಿತು; ಮಡಿಯ ಮೇರೆಯನ್ನು ಗೋಡೆಯೇ ಕಾದಿತು.

ಅದರ ಆಚೆ ಬಾವಿ, ಬಚ್ಚಲು, ಎಲ್ಲಕ್ಕೂ ಹಿಂದೆ ಮಲ ಹೊರುವವರು ಬಂದುಹೋಗುತ್ತಿದ್ದ ಸಣ್ಣ ಓಣಿ. ಕನ್ಸರ್ವೆನ್ಸಿ ಎಂಬ ಗಂಭೀರವಾದ ಹೆಸರಿನ ಈ ಓಣಿಯು, ಆ ಜನರು ಮನೆಯವರ ಕಣ್ಣಿಗೆ ಬೀಳದಂತೆ ಕೆಲಸ ಮುಗಿಸಿಕೊಂಡು ಹೋಗಲೆಂದು ನಗರದ ನಕ್ಷೆಯಲ್ಲಿಯೇ ಬಿಟ್ಟ ದಾರಿ. ಬಡಾವಣೆಯ ಸೊಬಗನ್ನು ಹೊಗಳುವ ಬರಹಗಳು ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಮನೆಯು ದಾಖಲೆಯಾಗಬೇಕಾದರೆ ವರಾಂಡದಂತೆ ಈ ಓಣಿಯೂ ಆ ದಾಖಲೆಯ ಭಾಗವೇ.

ಕಟ್ಟಡದ ಸಾಮಗ್ರಿಯ ವಿಷಯವಾಗಿ ಹೆಚ್ಚಾಗಿ ಹೇಳಬೇಕಾದದ್ದಿಲ್ಲ. ಗೋಡೆಗೆ ಇಟ್ಟಿಗೆ ಗಾರೆ. ಮರದ ಜಂತೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಿಂದ ಬಿಗಿದ ಮದರಾಸು ತಾರಸಿ. ಇಳಿಜಾರಿಗೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ತೆರೆದ ಮೇಲೆ ಈ ಹೆಂಚು ಪ್ರಚಾರಕ್ಕೆ ಬಂತು. ಕಿಟಕಿ, ಮುಖಮಂಟಪಗಳ ಮೇಲೆ ಚೂಪಾದ ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿ ಮಾಡಿದ ಮುಸುಕಿಗೆ ಮಂಕಿ ಟಾಪ್ ಎಂದು ಹೆಸರು. ಎರಚಲನ್ನೂ ಬಿಸಿಲಿನ ಝಳವನ್ನೂ ತಡೆದು ಗಾಳಿಯನ್ನು ಬಿಡುವುದು ಅದರ ಕೆಲಸ.

ಈ ಮಂಕಿ ಟಾಪಿನಿಂದಲೇ ಈಗ ಒಂದು ತೊಡಕು ಬಂದಿದೆ. ಹಳೆಯ ಬೆಂಗಳೂರಿನ ಗುರುತೆಂದು ಅದು ಜನಪ್ರಿಯವಾಗಿ, ಕಾಂಕ್ರೀಟಿನ ಹೊಸ ಕಟ್ಟಡಗಳ ನೆತ್ತಿಗೂ ಏರುತ್ತಿದೆ. ಹಳೆಯ ಮನೆಗಳಲ್ಲಿಯೂ ಮುಂಭಾಗವನ್ನು ಮಾತ್ರ ಉಳಿಸಿಕೊಂಡು, ಒಳಗಿನ ಗೋಡೆಗಳನ್ನು ಕೆಡವಿ ಅಂಗಡಿಯನ್ನೋ ಭೋಜನಶಾಲೆಯನ್ನೋ ಮಾಡುವುದುಂಟು. ಕಣ್ಣಿಗೆ ಮನೆಯು ಉಳಿದಂತೆಯೇ ತೋರುತ್ತದೆ. ಆದರೆ ಓಲೆಗರಿಯ ಕಟ್ಟಿನಲ್ಲಿ ಚಿತ್ರದ ಹಲಗೆಗಳನ್ನು ಇಟ್ಟುಕೊಂಡು ಗರಿಗಳನ್ನು ಒಲೆಗೆ ಹಾಕಿದವನನ್ನು ಗ್ರಂಥವನ್ನು ರಕ್ಷಿಸಿದನೆಂದು ಯಾರೂ ಹೇಳರು. ಇಲ್ಲಿ ಗ್ರಂಥವೆಂದರೆ ಮನೆಯ ಅಂಕಣ: ಯಾವ ಬಾಗಿಲು ಯಾವ ಕೋಣೆಗೆ ತೆರೆಯುತ್ತಿತ್ತು ಎಂಬ ವ್ಯವಸ್ಥೆ. ಅಲಂಕಾರವನ್ನು ಮತ್ತೆ ಕೆತ್ತಿಸಬಹುದು. ಇದನ್ನು ಮತ್ತೆ ಊಹಿಸುವುದು ಕಷ್ಟ.

ಸಾಹಿತ್ಯವನ್ನು ಬೋಧಿಸುವವರಿಗೆ ಇದರಲ್ಲಿ ಇನ್ನೊಂದು ನಷ್ಟವುಂಟು. ಜಗಲಿ, ಪಡಸಾಲೆ, ನಡುಮನೆ, ನಾಗಂದಿಗೆ, ಹಿತ್ತಿಲು ಎಂಬ ಮಾತುಗಳು ಹಿಂದಿನ ಕಥೆ ನಾಟಕಗಳಲ್ಲಿ ಬರಿಯ ಹಿನ್ನೆಲೆಯಾಗಿ ಬರುವುದಿಲ್ಲ. ಪಾತ್ರವೊಂದು ವರಾಂಡದಲ್ಲಿ ನಿಂತಿತೋ ನಡುಮನೆಗೆ ಬಂದಿತೋ ಎಂಬುದರಿಂದಲೇ ಅದರ ಸಲಿಗೆಯೂ ಅಂತಸ್ತೂ ಗೊತ್ತಾಗುತ್ತಿದ್ದ ಕಾಲವದು. ಇಂಥ ಮನೆಯನ್ನೇ ಕಾಣದ ವಿದ್ಯಾರ್ಥಿಗೆ ಪದದ ಅರ್ಥವನ್ನು ಹೇಳಿಕೊಡಬಹುದು. ಹೊಸ್ತಿಲ ತೂಕವನ್ನು ಹೇಳಿಕೊಡುವುದು ಸುಲಭವಲ್ಲ.

ಎಲ್ಲ ಮನೆಗಳನ್ನೂ ಉಳಿಸಬೇಕೆಂಬುದು ಆಗುವ ಮಾತಲ್ಲ. ನಿವೇಶನದ ಬೆಲೆಯು ಏರಿ, ಒಡೆತನವು ಹಲವು ಪಾಲುದಾರರಿಗೆ ಹಂಚಿಹೋಗಿರುವಾಗ, ಬರಿಯ ಅಭಿಮಾನದಿಂದ ಮನೆಯನ್ನು ಕಾಪಾಡೆಂದು ಒಡೆಯನಿಗೆ ಉಪದೇಶಿಸುವುದು ನ್ಯಾಯವೂ ಅಲ್ಲ. ಅಳತೆ ತೆಗೆದು ದಾಖಲೆ ಮಾಡುವುದಕ್ಕೆ ಮಾತ್ರ ಈ ಅಡ್ಡಿಗಳಿಲ್ಲ. ಬೆಂಗಳೂರಿನ ಹಳೆಯ ಬಂಗಲೆಗಳನ್ನು ಕುರಿತ ಜಾನೆಟ್ ಪಾಟ್ ಎಂಬವರ ಗ್ರಂಥವು ೧೯೭೭ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಬಡಾವಣೆಯ ಸಾಧಾರಣವಾದ ಮನೆಗಳಿಗೂ, ಅವು ನಿಂತಿರುವಾಗಲೇ, ಅಷ್ಟು ಶ್ರದ್ಧೆಯ ಕೆಲಸವು ಸಲ್ಲಬೇಕು: ಗೇಟಿನಿಂದ ಹಿಂದಣ ಓಣಿಯವರೆಗಿನ ನಕ್ಷೆ, ಕ್ರಯಪತ್ರ ವಿಭಾಗಪತ್ರಗಳ ಪ್ರತಿ, ಮನೆಯ ಹಿರಿಯರು ಒಂದೊಂದು ಕೋಣೆಗೂ ಹೇಳುತ್ತಿದ್ದ ಹೆಸರು, ಯಾವ ಬಾಗಿಲಿನಿಂದ ಯಾರು ಒಳಕ್ಕೆ ಬರುತ್ತಿದ್ದರು, ಯಾರು ಬರುವಂತಿರಲಿಲ್ಲ ಎಂಬ ವಿವರ.