ಈ ಅವಾರ್ಡಿಗೆ ಕಪ್ ಕೊಡುವುದಿಲ್ಲ!

ಮಕ್ಕಳೇ, ಅವಾರ್ಡ್ ಎಂದರೇನು ಎಂದು ಕೇಳಿದರೆ ‘ಬಹುಮಾನ’ ಎಂದು ಥಟ್ಟನೆ ಹೇಳುತ್ತೀರಿ. ಶಾಲೆಯಲ್ಲಿ ಅದು ಸರಿ. ಕೋರ್ಟಿನಲ್ಲಿ ಆ ಪದಕ್ಕೆ ಬೇರೆಯೇ ಅರ್ಥವಿದೆ.

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಾಲದ ಕಡತಗಳನ್ನು ಹಿಡಿದು ಹೊಸಪೇಟೆಯ ಲೋಕ ಅದಾಲತ್‌ಗೆ ಹೋಗುತ್ತಿದ್ದೆ. ಒಮ್ಮೆ ಕಂಪ್ಲಿ ಕಡೆಯ ರೈತರೊಬ್ಬರು ಒಂಬತ್ತನೇ ತರಗತಿಯ ಮಗನನ್ನು ಕರೆತಂದಿದ್ದರು. ರಾಜಿ ಪತ್ರ ಇಂಗ್ಲಿಷಿನಲ್ಲಿತ್ತು. ಹುಡುಗ ಓದಿ, “ಅಪ್ಪಾ, ನಿನಗೆ ಅವಾರ್ಡ್ ಕೊಡ್ತಾರಂತೆ!” ಎಂದ. ಸುತ್ತಲಿದ್ದವರು ನಕ್ಕರು.

“ತಮ್ಮಾ, ಇಲ್ಲಿ ಅವಾರ್ಡ್ ಅಂದ್ರೆ ತೀರ್ಪು. ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಇದರ ಮೇಲೆ ಅಪೀಲು ಇಲ್ಲ” ಎಂದೆ.

ಅಪ್ಪನ ಮುಖ ಬಾಡಿತು. “ಒಂದು ತಿಂಗಳಲ್ಲಿ ಕಟ್ಟಬೇಕು ಅಂತ ಬರೆದೈತಲ್ಲ ಸಾರ್, ಭತ್ತ ಕೊಯ್ಲಿಗೆ ಬರೋಕೆ ಇನ್ನೂ ಎರಡು ತಿಂಗಳು ಬೇಕು” ಎಂದರು. ಪುಣ್ಯಕ್ಕೆ ಸಹಿ ಇನ್ನೂ ಆಗಿರಲಿಲ್ಲ. ಮ್ಯಾನೇಜರರು ಒಪ್ಪಿದರು. ಕೊಯ್ಲಿನ ನಂತರದ ತಾರೀಕು ಬರೆಸಿದ ಮೇಲೆಯೇ ಅವರು ಸಹಿ ಹಾಕಿದರು.

ಜಗಳ ಬಗೆಹರಿಸುವ ಇಂಗ್ಲಿಷ್ ಪದಗಳನ್ನು ನೆನಪಿಡಲು ಒಂದೇ ಪ್ರಶ್ನೆ ಸಾಕು: ಕಡೆಯ ಮಾತು ಯಾರದು?

ಹಂಪಿಯಲ್ಲಿ ಆಟೋದವರೂ ಪ್ರವಾಸಿಗರೂ ಚೌಕಾಸಿ ಮಾಡಿ ಬಾಡಿಗೆ ಗೊತ್ತು ಮಾಡುತ್ತಾರಲ್ಲ, ಅದು ನೆಗೋಷಿಯೇಟ್. ನಡುವೆ ಮೂರನೆಯವರಿಲ್ಲ.

ಸಂಡೂರಿನಲ್ಲಿ ಅಣ್ಣತಮ್ಮಂದಿರು ಮನೆಯ ಪಾಲಿಗಾಗಿ ಜಗಳವಾಡುತ್ತಿದ್ದಾರೆ ಎನ್ನಿ. ಸೋದರಮಾವ ನಡುವೆ ಕೂತು, ಇಬ್ಬರ ಮಾತನ್ನೂ ಕೇಳಿ, ಇಬ್ಬರೂ ಒಪ್ಪುವ ದಾರಿ ಹುಡುಕಲು ನೆರವಾದರೆ ಅದು ಮೀಡಿಯೇಟ್. ಮಾವ ತೀರ್ಪು ಕೊಡುವುದಿಲ್ಲ. ಲ್ಯಾಟಿನ್ನಿನ ‘ಮೀಡಿಯಸ್’, ಸಂಸ್ಕೃತದ ‘ಮಧ್ಯ’ ಎರಡೂ ಒಂದೇ ಬಳ್ಳಿಯ ಕಾಯಿಗಳು. ನಾವು ಮಧ್ಯಸ್ಥಿಕೆ ಎನ್ನುವುದು ಎಷ್ಟು ಸರಿ ನೋಡಿ! 2023ರಲ್ಲಿ ಸಂಸತ್ತು ಮಧ್ಯಸ್ಥಿಕೆಗೆಂದೇ ಒಂದು ಕಾಯ್ದೆ ಮಾಡಿದೆ.

ಅದೇ ಅಣ್ಣತಮ್ಮಂದಿರು, “ಮಾವಾ, ನೀನು ಹೇಳಿದ್ದೇ ಕಡೆಯ ಮಾತು” ಎಂದು ಮೊದಲೇ ಒಪ್ಪಿಕೊಂಡರೆ? ಆಗ ಮಾವ ಆರ್ಬಿಟ್ರೇಟರ್. ಕಾಂಪ್ರಮೈಸ್ ಎಂಬ ಪದಕ್ಕೂ ಮೊದಲಿದ್ದ ಅರ್ಥ ಇದೇ: ತೀರ್ಪಿಗೆ ಬದ್ಧರಾಗಿರುತ್ತೇವೆಂದು ಇಬ್ಬರೂ ಕೂಡಿ ಮಾತು ಕೊಡುವುದು.

ಲೋಕ ಅದಾಲತ್‌ನಲ್ಲಿ ಕಡೆಯ ಮಾತು ನಮ್ಮದೇ. ಇಬ್ಬರೂ ಒಪ್ಪದಿದ್ದರೆ ಕೋರ್ಟಿನಿಂದ ಬಂದ ಕೇಸು ಮರಳಿ ಕೋರ್ಟಿಗೇ ಹೋಗುತ್ತದೆ. ಒಪ್ಪಿದರೆ ಕಟ್ಟಿದ ಕೋರ್ಟ್ ಫೀ ವಾಪಸು ಬರುತ್ತದೆ. ಆದರೆ ಒಪ್ಪಿ ಸಹಿ ಹಾಕಿದ ಮೇಲೆ ಅವಾರ್ಡ್ ಇಬ್ಬರನ್ನೂ ಕಟ್ಟಿಹಾಕುತ್ತದೆ.

ನಮ್ಮ ತುಂಗಭದ್ರೆಯ ನೀರಿನ ಪಾಲಿಗೂ ಒಂದು ಅವಾರ್ಡ್ ಇದೆ. ಕೃಷ್ಣಾ ಕಣಿವೆಯ ನೀರಿನ ವಿಚಾರದಲ್ಲಿ ಮಹಾರಾಷ್ಟ್ರ, ಅಂದಿನ ಮೈಸೂರು, ಆಂಧ್ರಪ್ರದೇಶಗಳ ನಡುವೆ ಮಾತುಕತೆ ಫಲಿಸಲಿಲ್ಲ. 1969ರಲ್ಲಿ ನ್ಯಾಯಮೂರ್ತಿ ಆರ್.ಎಸ್. ಬಚಾವತ್ ಅವರ ನ್ಯಾಯಮಂಡಳಿ ರಚನೆಯಾಗಿ, 1973ರಲ್ಲಿ ತೀರ್ಪು ಕೊಟ್ಟಿತು. ಹಿರಿಯರು ‘ಬಚಾವತ್ ಅವಾರ್ಡ್’ ಎನ್ನುವುದು ಅದನ್ನೇ.

ಇನ್ನೆರಡು ಪದಗಳು. ಕನ್ವಿನ್ಸ್ ಎಂದರೆ ಮನವರಿಕೆ ಮಾಡುವುದು. ಅದರ ಬೇರಿನಲ್ಲಿ ‘ಗೆಲ್ಲು’ ಎಂಬ ಅರ್ಥವಿದೆ. ಪರ್ಸ್ವೇಡ್ ಎಂದರೆ ಮನವೊಲಿಸುವುದು. ಅದರ ಬೇರು ಸಿಹಿ ಎಂಬ ಅರ್ಥದ ಸಂಸ್ಕೃತದ ‘ಸ್ವಾದು’ವಿಗೆ ನೆಂಟ. ಸಕ್ಕರೆ ಕಾಯಿಲೆಗೆ ನಡಿಗೆ ಒಳ್ಳೆಯದೆಂದು ಡಾಕ್ಟರು ತಾತನಿಗೆ ಮನವರಿಕೆ ಮಾಡಬಹುದು. ಆದರೆ ಬೆಳಿಗ್ಗೆ ಐದಕ್ಕೆ ತಾತನನ್ನು ಹಾಸಿಗೆಯಿಂದ ಎಬ್ಬಿಸಿ ಹೊರಡಿಸಲು ಮೊಮ್ಮಗಳೇ ಬೇಕು!

ತಾತ ಅಜ್ಜಿಯರೇ, ಇಂಗ್ಲಿಷ್ ಕಾಗದ ಬಂದರೆ ಮೊಮ್ಮಕ್ಕಳಿಂದ ಜೋರಾಗಿ ಓದಿಸಿ. ಮಕ್ಕಳೇ, ಅರ್ಥವಾಗದ ಪದ ಬಂದರೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ನಿಘಂಟು ನೋಡಿ. ಕೋರ್ಟಿನ ಕಾಗದವಾದರೆ ವಕೀಲರನ್ನೋ ತಾಲ್ಲೂಕು ಕಾನೂನು ಸೇವಾ ಸಮಿತಿಯವರನ್ನೋ ಕೇಳಿ. ಪೆನ್ನಿನ ಕ್ಯಾಪು ತೆಗೆಯುವುದು ಆಮೇಲೆ.