ಗ್ಯಾಸ್ ಗೀಸರ್ ಕೆಟ್ಟಾಗ ರಿಪೇರಿಯೋ, ಹೊಸತೋ?

ಮುಂಬಯಿ, ಠಾಣೆ, ನವಿಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಬೆಳಗಿನ ಸ್ನಾನಕ್ಕೆ ಗ್ಯಾಸ್ ಗೀಸರೇ ಆಧಾರ. ನಳ ತಿರುಗಿಸಿದ ಕೂಡಲೇ ಬಿಸಿನೀರು, ಕರೆಂಟ್ ಬಿಲ್ಲಿನ ಚಿಂತೆಯೂ ಇಲ್ಲ. ಆದರೆ ಅದು ಕೆಟ್ಟ ದಿನ ಮನೆಯಲ್ಲಿ ಚರ್ಚೆ ಶುರು. ರಿಪೇರಿಯವನು ‘ಒಂದು ಪಾರ್ಟ್ ಬದಲಿಸಿದರೆ ಸಾಕು’ ಎನ್ನುತ್ತಾನೆ. ಅಂಗಡಿಯವನು ‘ಹಳೆಯದನ್ನು ಕೊಟ್ಟು ಹೊಸದು ಒಯ್ಯಿರಿ’ ಎನ್ನುತ್ತಾನೆ. ಇಬ್ಬರದೂ ವ್ಯಾಪಾರ. ತೀರ್ಮಾನ ಮಾತ್ರ ಮನೆಯವರದು. ಇದು ಬರೀ ಹಣದ ಪ್ರಶ್ನೆಯೂ ಅಲ್ಲ.

ಕಾಣದ ಹೊಗೆ

ಊರಿನ ಬಚ್ಚಲು ಮನೆಯಲ್ಲಿ ಹಂಡೆಯ ಒಲೆಗೆ ಕಟ್ಟಿಗೆ ತುರುಕಿದರೆ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಹೆಂಚಿನ ಸಂದಿಯಿಂದ ಹೊರಗೂ ಹೋಗುತ್ತಿತ್ತು. ಗೀಸರಿನಲ್ಲಿ ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಚಿಲಕ ತೆಗೆಯುವ ಮೊದಲೇ ವ್ಯಕ್ತಿ ಕುಸಿದು ಬೀಳಬಹುದು. 2023ರ ಮಾರ್ಚ್‌ನಲ್ಲಿ ಹೋಳಿಯಾಡಿ ಮನೆಗೆ ಮರಳಿದ್ದ ಘಾಟ್ಕೋಪರ್‌ನ ದಂಪತಿ ಸ್ನಾನಗೃಹದಲ್ಲಿ ಮೃತಪಟ್ಟಾಗಲೂ ಗ್ಯಾಸ್ ಗೀಸರಿನ ಮೇಲೆಯೇ ಶಂಕೆ ಮೂಡಿತ್ತು. ಆದ್ದರಿಂದ ಕೆಟ್ಟ ಗೀಸರಿನ ಮುಂದೆ ನಿಂತಾಗ ಮೊದಲ ಪ್ರಶ್ನೆ ‘ಎಷ್ಟು ಖರ್ಚು?’ ಎಂಬುದಲ್ಲ, ‘ಏನು ಕೆಟ್ಟಿದೆ?’ ಎಂಬುದು.

ರಿಪೇರಿ ಸಾಕಾಗುವುದು ಯಾವಾಗ?

ನಳ ಬಿಟ್ಟರೂ ಕಿಡಿ ಹಾರದಿದ್ದರೆ ಬಹುಪಾಲು ಸಲ ಬ್ಯಾಟರಿ ಮುಗಿದಿರುತ್ತದೆ. ಎರಡು ದೊಡ್ಡ ಸೆಲ್ ಹಾಕಿದರೆ ಕೆಲಸ ಮುಗಿಯಿತು. ಕಿಡಿ ಇದ್ದೂ ಉರಿ ಹತ್ತದಿದ್ದರೆ ಗ್ಯಾಸಿನ ಕಾಕ್ ತೆರೆದಿದೆಯೇ ನೋಡಬೇಕು. ಮೇಲಿನ ಮಾಳಿಗೆಗಳಲ್ಲಿ ನೀರಿನ ಒತ್ತಡ ಕಡಿಮೆಯಾದರೂ ಗೀಸರ್ ಹೊತ್ತುವುದಿಲ್ಲ. ಅದು ಯಂತ್ರದ ದೋಷವಲ್ಲ. ಒಳಗಿನ ರಬ್ಬರ್ ಡಯಾಫ್ರಾಮ್ ಹರಿಯುವುದು, ಮೈಕ್ರೋ ಸ್ವಿಚ್ ಕೆಡುವುದು, ನೀರಿನ ಜಾಲರಿಯಲ್ಲಿ ಕಸ ಕೂರುವುದು ಇವೆಲ್ಲ ಸಣ್ಣ ಕಾಯಿಲೆಗಳು. ಕಂಪೆನಿಯ ಮೆಕ್ಯಾನಿಕ್‌ನಿಂದ ಮಾಡಿಸಿ ಮುಂದುವರಿಯಬಹುದು.

ಬದಲಿಸಲೇಬೇಕಾದದ್ದು ಯಾವಾಗ?

ಗೀಸರಿನ ಉರಿ ನೀಲಿಯಾಗಿರಬೇಕು. ಬರ್ನರ್ ಸ್ವಚ್ಛ ಮಾಡಿಸಿದ ಮೇಲೂ ಹಳದಿಯಾಗಿಯೇ ಉಳಿದರೆ, ಮತ್ತೆ ಮತ್ತೆ ಮಸಿ ಹಿಡಿಯುತ್ತಿದ್ದರೆ, ಆ ಗೀಸರನ್ನು ಬಳಸಬಾರದು. ನೀರು ಕಾಯಿಸುವ ತಾಮ್ರದ ಸುರುಳಿ ತೂತಾಗಿ ಸೋರುತ್ತಿದ್ದರೆ ಬೆಸುಗೆ ಹಾಕಿಸಿ ಸಾಗಿಸುವುದು ಉಳಿತಾಯವಲ್ಲ; ಇನ್ನೊಂದು ಕಡೆ ಒಡೆಯುವುದು ಬರೀ ಸಮಯದ ಮಾತು. ಟ್ಯಾಂಕರ್, ಬೋರ್‌ವೆಲ್ಲಿನ ಗಡಸು ನೀರು ಬರುವ ಕಟ್ಟಡಗಳಲ್ಲಿ ಸುರುಳಿಯೊಳಗೆ ಸುಣ್ಣ ಕಟ್ಟಿ ಈ ಗತಿ ಬೇಗ ಬರುತ್ತದೆ. ಉರಿ ಆರಿದಾಗ ಗ್ಯಾಸನ್ನು ತಾನಾಗಿ ನಿಲ್ಲಿಸುವ ಸುರಕ್ಷಾ ವ್ಯವಸ್ಥೆ ಇಲ್ಲದ ಹಳೆಯ ಗೀಸರಿಗೂ ವಿದಾಯ ಹೇಳಬೇಕು. ‘ಸೆನ್ಸರ್ ತೆಗೆದು ನೇರ ಜೋಡಿಸುತ್ತೇನೆ’ ಎನ್ನುವವನನ್ನು ಬಾಗಿಲಲ್ಲೇ ವಾಪಸು ಕಳುಹಿಸಬೇಕು.

ಮನೆಗೆ ಹೊಸದಾಗಿ ಪೈಪ್‌ಗ್ಯಾಸ್ ಬಂದವರಿಗೆ ಒಂದು ಮಾತು. ಸಿಲಿಂಡರಿನ ಗೀಸರನ್ನು ಹಾಗೆಯೇ ಪೈಪಿಗೆ ಜೋಡಿಸುವಂತಿಲ್ಲ. ಎರಡೂ ಅನಿಲಗಳ ಒತ್ತಡ ಬೇರೆ, ನಾಝಲ್‌ನ ಅಳತೆ ಬೇರೆ. ಕಂಪೆನಿಯೇ ಬದಲಿಸಿ ಕೊಡುವುದಾದರೆ ಸರಿ. ಇಲ್ಲವಾದರೆ ಪೈಪ್‌ಗ್ಯಾಸಿನದ್ದೇ ಕೊಳ್ಳಬೇಕು.

ಸರಳ ಲೆಕ್ಕ

ಸುರಕ್ಷತೆಯ ತೊಂದರೆ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಹಣದ ಲೆಕ್ಕ. ರಿಪೇರಿಯ ಖರ್ಚನ್ನು ಅದು ಇನ್ನು ಎಷ್ಟು ವರ್ಷ ಬಾಳುತ್ತದೋ ಅದರಿಂದ ಭಾಗಿಸಬೇಕು. ಹೊಸದು ಜೋಡಣೆ ಸೇರಿ 8,000 ರೂ., ಬಾಳಿಕೆ 8 ವರ್ಷ ಎಂದಿಟ್ಟುಕೊಂಡರೆ ವರ್ಷಕ್ಕೆ 1,000 ರೂ. ಆಯಿತು. ಹಳೆಯದಕ್ಕೆ 2,400 ರೂ. ಸುರಿದು 2 ವರ್ಷ ಎಳೆದರೆ ವರ್ಷಕ್ಕೆ 1,200 ರೂ., ನಷ್ಟವೇ. ಅದೇ 3 ವರ್ಷದ ಗೀಸರಿಗೆ 600 ರೂ.ಯ ಡಯಾಫ್ರಾಮ್ ಹಾಕಿಸಿ ಇನ್ನು 3 ವರ್ಷ ನಡೆದರೆ ವರ್ಷಕ್ಕೆ 200 ರೂ. ಮಾತ್ರ. ಬಿಡಿಭಾಗ ಸಿಗದ ಮಾಡೆಲ್ ಆದರೆ ಈ ಲೆಕ್ಕವೂ ಬೇಡ.

ಹೊಸದು ತಂದರೂ ಜಾಗ ಹಳೆಯದೇ?

ಗೀಸರ್ ಬದಲಿಸಿ ಅದನ್ನು ಅದೇ ಮುಚ್ಚಿದ ಬಾತ್‌ರೂಮಿನಲ್ಲಿ ತೂಗುಹಾಕಿದರೆ ಅಪಾಯ ಬದಲಾಗುವುದಿಲ್ಲ. ಸ್ನಾನಗೃಹದ ಹೊರಗೆ ಗಾಳಿಯಾಡುವ ಜಾಗದಲ್ಲಿಟ್ಟು ಬಿಸಿನೀರನ್ನು ಮಾತ್ರ ಪೈಪಿನಲ್ಲಿ ಒಳಗೆ ತರಬೇಕು. ಬಾಲ್ಕನಿಗೆ ಗಾಜಿನ ಸ್ಲೈಡಿಂಗ್ ಹಾಕಿಸಿದ್ದರೆ ಅದೂ ಮುಚ್ಚಿದ ಕೋಣೆಯೇ. ಹೊಗೆ ನಳಿಗೆ ಕಟ್ಟಡದ ಹೊರಕ್ಕೇ ಹೋಗಬೇಕು. ಇಂಥ ಜಾಗವೇ ಇಲ್ಲದ ಒಂದು ಖೋಲಿಯ ಮನೆಗೆ ಅರ್ತಿಂಗ್ ಸರಿಯಿರುವ ವಿದ್ಯುತ್ ಗೀಸರ್ ಅಥವಾ ಒಲೆಯ ಮೇಲಿನ ಪಾತ್ರೆಯೇ ಮೇಲು.

ಸ್ನಾನಕ್ಕೆ ಹೋದವರು ಬಹಳ ಹೊತ್ತು ಉತ್ತರಿಸದಿದ್ದರೆ ಬಾಗಿಲು ಒಡೆದು ಅವರನ್ನು ತೆರೆದ ಗಾಳಿಗೆ ತರಬೇಕು, ಗ್ಯಾಸ್ ಬಂದ್ ಮಾಡಬೇಕು. ಆಸ್ಪತ್ರೆಯಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿತ್ತೆಂದು ಹೇಳಲು ಮರೆಯಬಾರದು. ಸಿಲಿಂಡರ್ ಸೋರಿಕೆಗೆ 1906ಕ್ಕೆ ಕರೆ ಮಾಡಬಹುದು. ಪೈಪ್‌ಗ್ಯಾಸಿನವರು ಬಿಲ್ಲಿನಲ್ಲಿರುವ ತುರ್ತು ಸಂಖ್ಯೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಡಲಿ.

ನಮ್ಮ ಸಂಘಗಳ ಮಹಿಳಾ ವಿಭಾಗ, ಹಿರಿಯ ನಾಗರಿಕರ ಕೂಟಗಳಲ್ಲಿ ಒಂದು ಸಂಜೆ ಅರ್ಧ ತಾಸು ಈ ವಿಷಯಕ್ಕೆ ಮೀಸಲಿಟ್ಟರೆ ಒಳಿತು. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಉಳಿಯುವ ತಂದೆತಾಯಿಗೆ ಉರಿಯ ಬಣ್ಣ ನೋಡುವುದನ್ನು, ಸ್ನಾನದ ಹೊತ್ತಿನಲ್ಲಿ ಕಿಟಕಿ ತೆರೆದಿಡುವುದನ್ನು ಕಲಿಸಿಕೊಡಲು ಖರ್ಚೇನೂ ಇಲ್ಲ.